ಸೂರಕ್ಕಿಗಳ ಜೊತೆ ನಾಲ್ಕು ವರ್ಷ: ನಿಕಾನ್ 200-500 ಲೆನ್ಸ್ ಬಳಸಿದ ಅನುಭವ

ಈ ಲೆನ್ಸ್ ನನ್ನ ಕೈಗೆ ಬಂದ ಮೇಲೆ ನಾಲ್ಕು ಮಳೆಗಾಲ ಕಳೆದವು. ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸ್, ನಿಕಾನ್ 200-500 ಎಂಎಂ, ಎಫ್/5.6 (ಬೆಳಕು ಒಳಬಿಡುವ ಕಿಂಡಿಯ ಅಳತೆ). 2015ರಲ್ಲಿ ಬಂದ ಮಾಡೆಲ್. ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಡಿ7500 ಕ್ಯಾಮೆರಾಕ್ಕೆ ಹಾಕಿ ಬಳಸುತ್ತೇನೆ. ಮುಕ್ಕಾಲು ಪಾಲು ಫೋಟೋ ಉಡುಪಿ ಹತ್ತಿರದ ಪರ್ಕಳದ ನಮ್ಮ ಮನೆಯಂಗಳದಲ್ಲೇ ತೆಗೆದದ್ದು. ಬಾವಿಕಟ್ಟೆಯ ಪಕ್ಕ ಒಂದು ಕೇಪಳದ ಗಿಡ ಇದೆ, ಅದರಾಚೆ ನಾಲ್ಕು ಬಾಳೆ. ಕೇಪಳ ಹೂ ಬಿಟ್ಟರೆ, ಬಾಳೆ ಪೂಂಬೆ (ಬಾಳೆಹೂ) ಹಾಕಿದರೆ ಸೂರಕ್ಕಿಗಳು (ಸನ್‌ಬರ್ಡ್) ದಿನಾ ಹಾಜರು.

ಫೋಟೋ ತೋರಿಸಿದಾಗೆಲ್ಲ "ಹಮ್ಮಿಂಗ್‌ಬರ್ಡ್ ನಮ್ಮೂರಲ್ಲೂ ಉಂಟಾ?" ಎಂದು ಕೇಳುತ್ತಾರೆ. ಇಲ್ಲ. ಅವು ಉತ್ತರ, ದಕ್ಷಿಣ ಅಮೆರಿಕದ ಕಡೆ ಮಾತ್ರ ಇರುವ ಹಕ್ಕಿಗಳು. ಎರಡೂ ಹೂವಿನ ಜೇನು ಕುಡಿಯುತ್ತವೆ ಅಷ್ಟೇ, ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಆದರೆ ಫೋಟೋ ತೆಗೆಯುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಸಣ್ಣ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ 50 ಸಲದ ಆಸುಪಾಸು ರೆಕ್ಕೆ ಬಡಿಯುತ್ತದೆ, ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಆ ರೆಕ್ಕೆ ಚೂಪಾಗಿ ಬರಲಿ ಎಂದು ಅಲ್ಲಿಯವರು ಸುತ್ತ ಮೂರ್ನಾಲ್ಕು ಫ್ಲಾಶ್ ಇಡುವುದುಂಟು. ನಮ್ಮ ಸೂರಕ್ಕಿ ಹೆಚ್ಚಾಗಿ ಗೆಲ್ಲಿನ ಮೇಲೆ ಕೂತೇ ಹೂವಿಗೆ ಕೊಕ್ಕು ಹಾಕುತ್ತದೆ. ಕಾಲೂರಲು ಜಾಗ ಸಿಗದಿದ್ದಾಗ ಮಾತ್ರ ಒಂದು ಗಳಿಗೆ ಹೂವಿನ ಮುಂದೆ ಪಟಪಟ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಅದಕ್ಕೆ ಫ್ಲಾಶ್ ಬೇಡ, ಒಳ್ಳೆ ಬಿಸಿಲು ಸಾಕು.

ಈ ಲೆನ್ಸ್ ನನಗೆ ಇಷ್ಟ ಆಗಿದ್ದು ಇಲ್ಲಿಯೇ. 500ರವರೆಗೆ ಎಳೆದರೂ ಎಫ್/5.6 ಹಾಗೆಯೇ ಉಳಿಯುತ್ತದೆ. ಒಳ್ಳೆ ಬಿಸಿಲಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕು ಗ್ರಹಿಸುವ ಮಟ್ಟ) 400ರಲ್ಲೇ, ರೆಕ್ಕೆ ಚೂಪಾಗಿ ಬರುವಂಥ 1/3200 ಸೆಕೆಂಡಿನ ಶಟರ್ ಸ್ಪೀಡ್ ಸಿಗುತ್ತದೆ. ಮೋಡ ಮುಚ್ಚಿದರೆ ಅದೇ ಸ್ಪೀಡಿಗೆ ಐಎಸ್‌ಒ 3200ರ ಹತ್ತಿರ ಹೋಗಬೇಕು. ಅಡಿಕೆ ತೋಟದ ನೆರಳಲ್ಲಿ ಇನ್ನೂ ಜಾಸ್ತಿ. ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಇದೆಯಲ್ಲ ಎಂದು ಸ್ಪೀಡ್ ಇಳಿಸಬೇಡಿ. ಅದು ನಮ್ಮ ಕೈಯ ನಡುಕಕ್ಕೆ ಮಾತ್ರ, ಹಕ್ಕಿಯ ರೆಕ್ಕೆಗೆ ಅಲ್ಲ.

ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿಂದ ಬರುತ್ತದೆ ಅನ್ನುವುದು ದೊಡ್ಡದು. ಗಂಡು ಸೂರಕ್ಕಿಯ ಗಂಟಲಿನ ಹೊಳಪು ಬರೀ ಬಣ್ಣದಿಂದ ಬಂದದ್ದಲ್ಲ, ಗರಿಯ ರಚನೆಯಿಂದ ಬಂದದ್ದು. ಒಂದು ಜನವರಿ ಬೆಳಿಗ್ಗೆ ಎಂಟೂವರೆಗೆ ಹಳದಿ ಹೊಟ್ಟೆಯದೊಂದು ಗಂಡು ಕೇಪಳದ ಗೊಂಚಲಿನ ಮೇಲೆ ಕೂತಿತ್ತು. ಬಿಸಿಲು ನನ್ನ ಬೆನ್ನಿಗಿತ್ತು. ಡಿ7500 ಸೆಕೆಂಡಿಗೆ 8 ಫೋಟೋ ತೆಗೆಯುತ್ತದೆ. ಮೊದಲ ಮೂರರಲ್ಲಿ ಗಂಟಲು ಬರೀ ಕಪ್ಪು. ನಾಲ್ಕನೆಯದಕ್ಕೆ ಹಕ್ಕಿ ಒಂಚೂರು ತಲೆ ತಿರುಗಿಸಿತು ನೋಡಿ, ಗಂಟಲಿಡೀ ನೇರಳೆ, ನೆತ್ತಿ ಹಸಿರು! ಕೊಕ್ಕಿನ ತುದಿಯಲ್ಲಿ ಹಳದಿ ಪರಾಗದ ಪುಡಿ ಕೂಡ ಕಾಣುತ್ತಿತ್ತು. ಐದನೆಯದರಲ್ಲಿ ಮತ್ತೆ ಕಪ್ಪು. ಆ ಒಂದು ಫೋಟೋವನ್ನು ಅಮ್ಮ ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ. "ಹೂವಿನ ಎದುರು ಕೂತು ಎಂತ ಮಾಡ್ತೀಯಾ?" ಎಂದು ಕೇಳುವುದನ್ನು ಅವತ್ತಿನಿಂದ ಬಿಟ್ಟಿದ್ದಾರೆ.

ಫೋಕಸ್ ವಿಷಯ. ಇದು 2.2 ಮೀಟರ್‌ವರೆಗೆ ಹತ್ತಿರ ಹಿಡಿಯುತ್ತದೆ. ನಾನು ಸುಮಾರು 5 ಮೀಟರ್ ದೂರ ಕೂರುತ್ತೇನೆ. ಅಲ್ಲಿಂದ ಫೋಟೋದಲ್ಲಿ ಸಿಗುವ ಅಗಲ ಹೆಚ್ಚು ಕಡಿಮೆ ಒಂದು ಗೇಣು, ಹಕ್ಕಿ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಚೂಪಾಗಿ ಬರುವ ಆಳ ಎರಡೇ ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಇಟ್ಟರೆ ಬಾಲ ಮಸುಕು. ಹಾಗಾಗಿ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುತ್ತಾ ಹೋಗುವುದನ್ನು ಬಿಟ್ಟೆ. ಅದು ಯಾವ ಗೊಂಚಲಿಗೆ ಮತ್ತೆ ಮತ್ತೆ ಬರುತ್ತದೆ ಎಂದು ನೋಡಿಕೊಂಡು, ಅಲ್ಲೇ ಫೋಕಸ್ ಇಟ್ಟು ಕಾಯುತ್ತೇನೆ. ಪಕ್ಕದಲ್ಲಿ ಫೋಕಸ್ ಲಿಮಿಟ್ ಸ್ವಿಚ್ ಒಂದಿದೆ. ಅದನ್ನು ಹಾಕಿದರೆ 6 ಮೀಟರ್‌ಗಿಂತ ಹತ್ತಿರದ್ದನ್ನು ಹುಡುಕುವುದೇ ಇಲ್ಲ. ಮಲ್ಪೆ ಬಂದರಿನಲ್ಲಿ ಮೀನಿಗೆ ಎರಗುವ ಗರುಡಗಳಿಗೆ ಅದು ಬಹಳ ಉಪಕಾರ. ಮನೆಗೆ ಬಂದು ಅದನ್ನು ಫುಲ್‌ಗೆ ಹಾಕಲು ಮರೆತು, ಮರುದಿನದ ಒಂದಿಡೀ ಬೆಳಿಗ್ಗೆ ಕಳೆದುಕೊಂಡಿದ್ದೇನೆ.

ಭಾರ 2.3 ಕೆಜಿ. ಕ್ಯಾಮೆರಾ ಸೇರಿ ಮೂರು ದಾಟುತ್ತದೆ. ಹತ್ತು ನಿಮಿಷ ಕೈಯಲ್ಲಿ ಹಿಡಿಯಬಹುದು, ಅರ್ಧ ಗಂಟೆ ಕಷ್ಟ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯುವಾಗ ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇರಲೇಬೇಕು. ಮನೆಯಲ್ಲಿ ಸ್ಟೂಲ್ ಸಾಕು.

ಇನ್ನು ನಮ್ಮ ಕರಾವಳಿಯ ನಿಜವಾದ ಕಷ್ಟ, ಬೂಷ್ಟು. ಎರಡನೇ ವರ್ಷ ಆಟಿ ತಿಂಗಳಿಡೀ (ಜುಲೈ-ಆಗಸ್ಟ್‌ನ ಮಳೆಗಾಲ) ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟು ಕಪಾಟಿನೊಳಗೆ ಬಿಟ್ಟಿದ್ದೆ. ತಪ್ಪು ನನ್ನದೇ. ತೆಗೆದು ನೋಡುವಾಗ ಮುಂದಿನ ಗಾಜಿನ ಒಳಗೆ ಜೇಡನ ಬಲೆಯಂಥ ಸಣ್ಣ ಎಳೆಗಳು. ಕ್ಲೀನ್ ಮಾಡಿಸಿದ ಮೇಲೆ ಸರಿಯಾಯಿತು, ಆದರೆ ಆ ದಿನದ ಸಂಕಟ ಮರೆಯಲಾಗದು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಳಗೆ ತೇವ ತೋರಿಸುವ ಸಣ್ಣ ಮೀಟರ್ ಇದೆ. ಅದು ಶೇಕಡಾ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ. ಆಮೇಲೆ ಬೂಷ್ಟು ಬಂದಿಲ್ಲ.

ಉಡುಪಿ, ಮಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಒಂದು ಟಾರ್ಚ್ ಹಿಡಿದುಕೊಂಡು ಹೋಗಿ. ಎರಡೂ ತುದಿಯಿಂದ ಬೆಳಕು ಬಿಟ್ಟು ಗಾಜಿನೊಳಗೆ ನೋಡಿ. ಎಳೆ ಕಂಡರೆ ಬೆಲೆ ಎಷ್ಟೇ ಕಡಿಮೆ ಹೇಳಲಿ, ಬಿಟ್ಟುಬಿಡಿ.