ಎದೆಪಟ್ಟಿ: ಎರಡು ಬೇಸಿಗೆ ಬಳಸಿದ ಮೇಲೆ

ಕಲಬುರಗಿಯ ಒಣ ಹವೆಯಲ್ಲಿ, ಓಡುವಾಗ ಹೃದಯ ಬಡಿತ ಅಳೆಯಲು ಎದೆಗೆ ಕಟ್ಟಿಕೊಳ್ಳುವ ಈ ಎದೆಪಟ್ಟಿ ಮೊದಲ ಹತ್ತು ನಿಮಿಷ ನಂಬಿಕೆಗೆ ಅರ್ಹವಲ್ಲ. ಏಪ್ರಿಲ್‌ನಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸುಮ್ಮನೆ ನಡೆಯುವಾಗಲೂ ನಿಮಿಷಕ್ಕೆ 190 ಬಡಿತ ತೋರಿಸುತ್ತದೆ, ಮರುಕ್ಷಣವೇ 72. ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಪಟ್ಟಿ ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನು. ಒಣ ಚರ್ಮದಿಂದ ಅದು ಸರಿಯಾಗಿ ದಾಟುವುದಿಲ್ಲ. ಮೇಲೆ ಪಾಲಿಯೆಸ್ಟರ್ ಅಂಗಿ ಗಾಳಿಗೆ ಬಡಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ.

ಒಳಗಿನ ಎರಡೂ ರಬ್ಬರ್ ಪಟ್ಟೆಗಳಿಗೆ ಧಾರಾಳವಾಗಿ ನೀರು ಸವರಿ, ಸೆನ್ಸರ್ ಎದೆಮೂಳೆಯ ಕೆಳತುದಿಗೆ ಕೂರುವಂತೆ ಕಟ್ಟಿ. ಉಸಿರು ಪೂರ್ತಿ ಬಿಟ್ಟಾಗಲೂ ಪಟ್ಟಿ ಜಾರಬಾರದು. ಓಟ ಮುಗಿದ ಮೇಲೆ ಟಿಚ್ ಬಟನ್ ಬಿಚ್ಚಿ ಸೆನ್ಸರ್ ಬೇರೆ ಇಡಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಅದು ಆನ್ ಆಗಿಯೇ ಉಳಿದು ಸಿಆರ್2032 ಸೆಲ್ ಬೇಗ ಮುಗಿಯುತ್ತದೆ. ಪಟ್ಟಿಯನ್ನು ಪ್ರತಿ ಸಲ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಿ. ಬೆವರಿನ ಉಪ್ಪು ಕೂತರೆ ರಬ್ಬರ್ ಬಿರುಸಾಗುತ್ತದೆ.

ಇಷ್ಟಕ್ಕೆಲ್ಲ ಹೊಂದಿಕೊಳ್ಳಬಹುದು. ನಿಜವಾದ ತಕರಾರು ಪಟ್ಟಿಯ ಜೊತೆಗಿನ ಮೊಬೈಲ್ ಆ್ಯಪ್ ಮೇಲೆ. ವಯಸ್ಸು ಹಾಕಿದ ಕೂಡಲೇ 220ರಲ್ಲಿ ಕಳೆದು ಅದನ್ನೇ ಗರಿಷ್ಠ ಬಡಿತ ಎಂದು ಹಿಡಿದು, ಶ್ರಮದ ಮಟ್ಟಕ್ಕೆ ತಕ್ಕಂತೆ ಐದು ವಲಯ ಹಾಕಿಬಿಡುತ್ತದೆ. 45ರವರಿಗೆ ಗರಿಷ್ಠ 175, ಹಗುರ ಓಟದ ಎರಡನೇ ವಲಯ ಅದರ ಶೇ 60–70, ಅಂದರೆ 105–122. ಅದು ಸರಾಸರಿಯ ಸೂತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. ವಿಶ್ರಾಂತಿಯ ಬಡಿತವನ್ನಂತೂ ಕೇಳುವುದೇ ಇಲ್ಲ. ಒಂದು ವಾರ ಮುಂಜಾನೆ ಎದ್ದ ಕೂಡಲೇ, ಚಹಾಕ್ಕೂ ಮುಂಚೆ, ಹಾಸಿಗೆಯಲ್ಲೇ ಅಳೆದು ಸರಾಸರಿ ತೆಗೆಯಿರಿ. ಅದು 60 ಬಂದರೆ, 175ರಲ್ಲಿ 60 ಕಳೆದು ಉಳಿದ 115ರ ಶೇ 60–70ಕ್ಕೆ ಮತ್ತೆ 60 ಕೂಡಿಸಿ: 129–140. ಇದು ಕಾರ್ವೊನೆನ್ ವಿಧಾನ. ಆ್ಯಪ್ ಹೇಳಿದ್ದಕ್ಕೂ ಇದಕ್ಕೂ ನಡಿಗೆಗೂ ಓಟಕ್ಕೂ ಇರುವಷ್ಟು ಅಂತರ.

ರೂಢಿಯ ಓಟಗಾರರಿಗೆ ತರಬೇತುದಾರ ಜೋ ಫ್ರೀಲ್ ಹೇಳಿದ 30 ನಿಮಿಷದ ಪರೀಕ್ಷೆ ಇನ್ನೂ ಮೇಲು. ನಸುಕಿನ ತಂಪಿನಲ್ಲಿ 15 ನಿಮಿಷ ಮೈ ಬಿಸಿ ಮಾಡಿಕೊಂಡು, ಅರ್ಧ ಗಂಟೆ ತಾಳಿಕೊಳ್ಳಬಲ್ಲ ಅತಿ ಜೋರಿನಲ್ಲಿ ಓಡಿ. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಹೊಸ್ತಿಲು, ಅಂದರೆ ಅದನ್ನು ದಾಟಿದರೆ ಹೆಚ್ಚು ಹೊತ್ತು ತಾಳಲಾಗದ ಮಟ್ಟ. ಅದು 165 ಆದರೆ ಎರಡನೇ ವಲಯ ಅದರ ಶೇ 85–89, ಅಂದರೆ 140–147. ಶುರುವಿನಲ್ಲೇ ನುಗ್ಗಿದರೆ ಕೊನೆಗೆ ವೇಗ ಬಿದ್ದು ಅಂಕಿ ಕಡಿಮೆ ಬರುತ್ತದೆ. ಹೃದಯದ ತೊಂದರೆ ಇದ್ದವರು, ಬಿಪಿಗೆ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ) ಮಾತ್ರೆ ತಗೊಳ್ಳುವವರು ಈ ಲೆಕ್ಕ ಬಿಟ್ಟು ಡಾಕ್ಟರನ್ನೇ ಕೇಳಬೇಕು.

ಈ ಅಂಕಿಗಳನ್ನು ಕೈಯಾರೆ ತುಂಬಿದ ಮೇಲೆ ಪಟ್ಟಿ ಚಿನ್ನದಂಥದ್ದು. ಬೇಸಿಗೆಯಲ್ಲಿ ಮೈಯ ನೀರು ಇಳಿದಂತೆ ಅದೇ ವೇಗಕ್ಕೂ ಬಡಿತ ಏರುತ್ತ ಹೋಗುತ್ತದೆ. 40 ನಿಮಿಷದ ಹೊತ್ತಿಗೆ ವಲಯ ದಾಟಿದ್ದನ್ನು ಪಟ್ಟಿ ಆಗಲೇ ತೋರಿಸುತ್ತದೆ. ವೇಗ ತಗ್ಗಿಸಿ, ಬೇಕಾದರೆ ನಡೆಯಿರಿ. ಬರೀ ವಾಕಿಂಗ್‌ಗೆ ಹೋಗುವವರು ದುಡ್ಡು ಹಾಕುವುದು ಬೇಡ. ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಲು ಬಂದರೆ ಎರಡನೇ ವಲಯದ ಆಸುಪಾಸಿನಲ್ಲೇ ಇದ್ದೀರಿ.