ಬಯಾಸ್‌ನಲ್ಲಿ ಡ್ರೈವ್ ಕಾಣದಿದ್ದರೆ ಮೊದಲು ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಪಕ್ಕಕ್ಕಿಡಿ

ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ 'ನೋ ಬೂಟ್ ಡಿವೈಸ್' ಎಂಬ ಸಾಲು. ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದರೆ ಡ್ರೈವ್ ಇರಬೇಕಾದ ಜಾಗ ಖಾಲಿ. ಇಲ್ಲಿಂದ ಮುಂದಿನ ಅನಾಹುತ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿಯುತ್ತದೆ. ಮೊದಲು ಸೆಟ್ಟಿಂಗ್‌ಗಳನ್ನೆಲ್ಲ ಕಾರ್ಖಾನೆಯ ಸ್ಥಿತಿಗೆ ತರುವ 'ಲೋಡ್ ಡಿಫಾಲ್ಟ್ಸ್' ಒತ್ತುತ್ತಾರೆ. ಏನೂ ಆಗುವುದಿಲ್ಲ. ಹಿಂಬದಿ ಮುಚ್ಚಳ ಬಿಚ್ಚಿ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ತೆಗೆದು ಮತ್ತೆ ಕೂರಿಸುತ್ತಾರೆ. ಈಗ ಬಯಾಸ್‌ನಲ್ಲಿ ಡ್ರೈವ್ ಕಾಣುತ್ತದೆ, ಆದರೆ ವಿಂಡೋಸ್ ಅರ್ಧಕ್ಕೆ ಬಂದು ನೀಲಿ ಪರದೆ ತೋರಿಸಿ ಬೀಳುತ್ತದೆ. ವಿಂಡೋಸ್ ಕೆಟ್ಟಿದೆ ಎಂದುಕೊಂಡು ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿದರೆ ಇನ್‌ಸ್ಟಾಲರ್‌ಗೆ ಡ್ರೈವೇ ಕಾಣದು. ಎಲ್ಲೋ ಹುಡುಕಿ ಡ್ರೈವರ್ (ಯಂತ್ರದ ಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ತಂದು ಲೋಡ್ ಮಾಡಿದ ಮೇಲೆ ಕಾಣುತ್ತದೆ. ಡ್ರೈವ್‌ನ ವಿಭಾಗಗಳನ್ನೆಲ್ಲ (ಪಾರ್ಟಿಷನ್) ಅಳಿಸಿ ಹೊಸ ವಿಂಡೋಸ್ ಹಾಕುತ್ತಾರೆ. ಲ್ಯಾಪ್‌ಟಾಪ್ ಉಳಿಯಿತು, ಫೈಲುಗಳು ಹೋದವು. ರಿಕವರಿ ಸಾಫ್ಟ್‌ವೇರ್ ಓಡಿಸಿದರೆ ಸಿಗುವುದು ಬರೀ ಸೊನ್ನೆ.

ಇಷ್ಟರಲ್ಲಿ ಲ್ಯಾಪ್‌ಟಾಪಿನ ತಪ್ಪು ಒಂದೇ: ಸ್ಕ್ರೂ ಸಡಿಲವಾಗಿ ಎಸ್‌ಎಸ್‌ಡಿ ಸ್ಲಾಟ್‌ನಿಂದ ಕೂದಲೆಳೆಯಷ್ಟು ಹೊರಗೆ ಜಾರಿತ್ತು. ಉಳಿದದ್ದೆಲ್ಲ ಕೈಯಾರೆ ಮಾಡಿಕೊಂಡದ್ದು.

ಆ ನೀಲಿ ಪರದೆಯ ವಿಷಯಕ್ಕೆ ಬರೋಣ, ಏಕೆಂದರೆ ಡೇಟಾ ಕಳೆಯುವ ತಿರುವು ಅದೇ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಸೆಟ್ಟಿಂಗ್ ಕಾರ್ಖಾನೆಯಿಂದಲೇ ಆನ್ ಆಗಿರುತ್ತದೆ. ಕೆಲವು ತಯಾರಕರ ಬಯಾಸ್‌ನಲ್ಲಿ ಇದೇ 'ರೇಡ್ ಆನ್' ಅಥವಾ 'ಆರ್‌ಎಸ್‌ಟಿ' ಎಂಬ ಹೆಸರಲ್ಲಿ ಕೂತಿರುತ್ತದೆ. ಅದು ಆನ್ ಇದ್ದಾಗ ಎನ್‌ವಿಎಂಇ ಡ್ರೈವ್ (ವೇಗದ ಬಗೆಯ ಎಸ್‌ಎಸ್‌ಡಿ) ಇಂಟೆಲ್ ಕಂಟ್ರೋಲರ್‌ನ ಮರೆಯಲ್ಲಿರುತ್ತದೆ. ತಕ್ಕ ಡ್ರೈವರ್ ಇಲ್ಲದ ಆಪರೇಟಿಂಗ್ ಸಿಸ್ಟಮ್‌ಗೆ ಅದು ಇದ್ದೂ ಇಲ್ಲದಂತೆ. ಹಿಂದೆ ಯಾರೋ ವಿಂಡೋಸ್ ಅಥವಾ ಲಿನಕ್ಸ್ ಹಾಕುವಾಗ ಅದನ್ನು ಆಫ್ ಮಾಡಿರುತ್ತಾರೆ. 'ಲೋಡ್ ಡಿಫಾಲ್ಟ್ಸ್' ಒತ್ತಿದೊಡನೆ ಅದು ಸದ್ದಿಲ್ಲದೆ ಮತ್ತೆ ಆನ್ ಆಗುತ್ತದೆ. ಪರಿಣಾಮ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಸೆಟ್ಟಿಂಗ್ ಹಳೆಯ ಸ್ಥಿತಿಗೆ ತಂದರೆ ಎದ್ದು ಕೂರುತ್ತದೆ. ಮೊದಲು ಯಾವುದಿತ್ತೋ ನೆನಪಿಲ್ಲವೇ? ಎರಡನ್ನೂ ಒಂದೊಂದು ಸಲ ಇಟ್ಟು ಬೂಟ್ ಮಾಡಿ ನೋಡಿ, ಸಾಮಾನ್ಯವಾಗಿ ಡೇಟಾಗೆ ತೊಂದರೆಯಿಲ್ಲ. ನಡುವೆ ಎರಡು ಮೂರು ಸಲ ಬೂಟ್ ತಪ್ಪಿದರೆ ವಿಂಡೋಸ್ ತಾನಾಗಿ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿರುವ 'ರೀಸೆಟ್ ದಿಸ್ ಪಿಸಿ' ಮುಟ್ಟಬೇಡಿ.

ಸಿಮಾಸ್ ಬ್ಯಾಟರಿ (ಬಯಾಸ್‌ನ ಗಡಿಯಾರ, ಸೆಟ್ಟಿಂಗ್‌ಗಳನ್ನು ಕಾಯುವ ಪುಟ್ಟ ಬ್ಯಾಟರಿ) ಸತ್ತಾಗಲೂ ಇದೇ ಆಗಬಹುದು. ಬಯಾಸ್‌ನಲ್ಲಿ ದಿನಾಂಕ ಹಲವು ವರ್ಷ ಹಿಂದಕ್ಕೆ ಓಡಿದ್ದರೆ ಸೆಟ್ಟಿಂಗ್‌ಗಳೂ ಅಳಿಸಿಹೋಗಿವೆ ಎಂದು ಅನುಮಾನಿಸಿ.

ಇನ್ನು ಆ ಸೊನ್ನೆಗಳು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಪಟ್ಟಿ ಮಾತ್ರ, ಫೈಲುಗಳ ಒಡಲು ಹಾಗೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಜೊತೆಗೆ ವಿಂಡೋಸ್ 'ಟ್ರಿಮ್' ಆದೇಶವನ್ನೂ ಕಳಿಸುತ್ತದೆ. ಈ ಜಾಗವೆಲ್ಲ ಇನ್ನು ಬೇಡ ಎಂಬ ಸೂಚನೆ ಅದು. ಅದಾದ ಮೇಲೆ ಆ ಜಾಗ ಓದಿದರೆ ಬಹುತೇಕ ಡ್ರೈವ್‌ಗಳು ಸೊನ್ನೆಯನ್ನೇ ಕೊಡುತ್ತವೆ. 'ಫಾರ್ಮ್ಯಾಟ್ ಆದರೂ ರಿಕವರ್ ಮಾಡಬಹುದು' ಎಂಬ ಹಳೆಯ ಧೈರ್ಯವನ್ನು ಎಸ್‌ಎಸ್‌ಡಿ ವಿಷಯದಲ್ಲಿ ಮರೆತುಬಿಡಿ.

ಹಾಗಾದರೆ ಮೊದಲು ಏನು ಮಾಡಬೇಕು? ಏನನ್ನೂ ಬದಲಿಸದೆ ಬಯಾಸ್‌ನ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದುಕೊಳ್ಳಿ. ನಂತರ ಎರಡು ಪುಟಗಳನ್ನು ಹೋಲಿಸಿ. ಬೂಟ್ ಪುಟದಲ್ಲಿ ಹೆಸರಿಲ್ಲದಿದ್ದರೂ ಮೇನ್ ಅಥವಾ ಇನ್ಫರ್ಮೇಷನ್ ಪುಟದಲ್ಲಿ ಡ್ರೈವ್‌ನ ಮಾಡೆಲ್ ಕಂಡರೆ ಡ್ರೈವ್ ಪತ್ತೆಯಾಗಿದೆ ಎಂದೇ ಅರ್ಥ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಬೂಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದು 'ವಿಂಡೋಸ್ ಬೂಟ್ ಮ್ಯಾನೇಜರ್' ಥರದ ನಮೂದು. ಹೊಸ ಖಾಲಿ ಡ್ರೈವ್‌ನಲ್ಲಿ ಅದು ಇರುವುದೇ ಇಲ್ಲ, ಆದ್ದರಿಂದ ಅಲ್ಲಿ ಕಾಣದು. ಇದನ್ನು ತಿಳಿಯದೆ ಹೊಚ್ಚಹೊಸ ಡ್ರೈವ್ ವಾಪಸ್ ಕೊಡುವವರೇ ಬಹಳ.

ಎರಡೂ ಪುಟ ಖಾಲಿಯಿದ್ದರೆ ವಿದ್ಯುತ್ ಪೂರ್ತಿ ಕಡಿಯಿರಿ. ರೀಸ್ಟಾರ್ಟ್‌ನಲ್ಲಿ ಎಸ್‌ಎಸ್‌ಡಿಗೆ ಹೋಗುವ ವಿದ್ಯುತ್ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹಾಗಾಗಿ ಡ್ರೈವ್‌ನೊಳಗಿನ ಸಿಕ್ಕಿಕೊಂಡ ಕಂಟ್ರೋಲರ್ ಚಿಪ್ ಸಿಕ್ಕಿಕೊಂಡೇ ಇರುತ್ತದೆ. ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಬಿಡಿ. ಆಮೇಲೆ ಆನ್ ಮಾಡಿ ನೋಡಿ.

ಆಗಲೂ ಇಲ್ಲವೆಂದರೆ ಮುಚ್ಚಳ ಬಿಚ್ಚುವ ಸರದಿ. ಎಸ್‌ಎಸ್‌ಡಿಗೆ ಕೈ ಹಾಕುವ ಮುನ್ನ ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಲೇಬೇಕು, ತಂತಿ ಎಳೆಯದೆ ಕನೆಕ್ಟರ್‌ನ ಅಂಚು ಹಿಡಿದು. ಎಂ.2 ಸ್ಲಾಟ್‌ಗೆ (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) ಬರುವುದು 3.3 ವೋಲ್ಟ್ ಮಾತ್ರ, ನಿಮಗೆ ತಟ್ಟದು. ಆದರೆ ಲೋಹದ ಚಿಮಟ ಜಾರಿದರೆ ಮದರ್‌ಬೋರ್ಡ್‌ಗೆ ತಟ್ಟುತ್ತದೆ. ಸ್ಕ್ರೂ ತೆಗೆದೊಡನೆ ಎಸ್‌ಎಸ್‌ಡಿಯ ಬಾಲ ಮೇಲೇಳಬೇಕು. ಏಳದಿದ್ದರೆ ಅದು ಸರಿಯಾಗಿ ಕೂತಿರಲಿಕ್ಕಿಲ್ಲ. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಸುಮಾರು 30 ಡಿಗ್ರಿ ಓರೆಯಲ್ಲಿ ತಡೆಯುವವರೆಗೂ ಒಳಗೆ ತಳ್ಳಿ, ಆಮೇಲೆ ಮಲಗಿಸಿ ಸ್ಕ್ರೂ ಹಾಕಿ. ಸ್ಕ್ರೂ ಕೂರುವ ಗುಬುಟು ಡ್ರೈವ್‌ನ ಉದ್ದಕ್ಕೆ ಹೊಂದಬೇಕು: 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. 2242 ಅಥವಾ 2230 ಡ್ರೈವ್ ಹಾಕಿ ಬಾಲವನ್ನು ಟೇಪಿನಿಂದ ಅಂಟಿಸಿದ ಕೆಲಸಗಳೂ ಇವೆ. ಟೇಪು ಬಿಸಿಗೆ ಸಡಿಲವಾದ ದಿನ ಡ್ರೈವ್ ಮಾಯ.

2.5 ಇಂಚಿನ ಸಾಟಾ (ಹಳೆಯ ಬಗೆಯ ಜೋಡಣೆ) ಡ್ರೈವ್ ಇರುವ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ಚಪ್ಪಟೆ ರಿಬ್ಬನ್ ಕೇಬಲನ್ನು. ಮಡಿಕೆ ಬೀಳುವಲ್ಲಿ ಅದರ ಎಳೆಗಳು ಒಳಗೇ ತುಂಡಾಗುತ್ತವೆ.

ಹೊಸದಾಗಿ ಹಾಕಿದ ಎಂ.2 ಡ್ರೈವ್ ಕಾಣದಿದ್ದರೆ ಅದು ಸಾಟಾವೋ ಎನ್‌ವಿಎಂಇಯೋ ನೋಡಿ. ಎರಡರ ಆಕಾರ ಒಂದೇ, ಭಾಷೆ ಬೇರೆ. ಕಾಂಟ್ಯಾಕ್ಟ್‌ಗಳ ಅಂಚಿನಲ್ಲಿ ಎರಡು ಕಚ್ಚು ಇರುವುದು ಹೆಚ್ಚಾಗಿ ಸಾಟಾ, ಒಂದೇ ಕಚ್ಚು ಇರುವುದು ಹೆಚ್ಚಾಗಿ ಎನ್‌ವಿಎಂಇ. ಆದರೆ ಎರಡು ಕಚ್ಚಿನ ಎನ್‌ವಿಎಂಇಗಳೂ ಇರುವುದರಿಂದ ಲೇಬಲ್ ಓದುವುದೇ ಖಚಿತ. ಎನ್‌ವಿಎಂಇ ಮಾತ್ರ ಬೆಂಬಲಿಸುವ ಸ್ಲಾಟ್‌ನಲ್ಲಿ ಸಾಟಾ ಡ್ರೈವ್ ಚೆನ್ನಾಗಿ ಕೂರುತ್ತದೆ, ಎಂದೂ ಕಾಣುವುದಿಲ್ಲ.

ಇದೇ ಗೊಂದಲ ಯುಎಸ್‌ಬಿ ಎನ್‌ಕ್ಲೋಷರ್‌ನಲ್ಲೂ (ಡ್ರೈವನ್ನು ಹೊರಗಿನಿಂದ ಜೋಡಿಸುವ ಡಬ್ಬಿ) ಇದೆ. ಸಾಟಾ ಡ್ರೈವನ್ನು ಎನ್‌ವಿಎಂಇ ಎನ್‌ಕ್ಲೋಷರ್‌ಗೆ ಹಾಕಿ 'ಸತ್ತಿದೆ' ಎಂದು ತೀರ್ಪು ಕೊಡುವುದು ರಿಪೇರಿ ಮೇಜಿನ ಮೇಲೂ ನಡೆಯುತ್ತದೆ. ಅದಕ್ಕೇ ಪರೀಕ್ಷೆ ಎರಡೂ ಕಡೆಯಿಂದ ಆಗಬೇಕು: ನಿಮ್ಮ ಡ್ರೈವ್ ಬೇರೆ ಯಂತ್ರದಲ್ಲಿ, ಸರಿಯಿರುವ ಬೇರೆ ಡ್ರೈವ್ ನಿಮ್ಮ ಸ್ಲಾಟ್‌ನಲ್ಲಿ. ಒಂದೇ ಕಡೆ ನೋಡಿದರೆ ಸ್ಲಾಟ್ ದೋಷಕ್ಕೆ ಡ್ರೈವ್ ಬಲಿ. ಎನ್‌ಕ್ಲೋಷರ್‌ನಲ್ಲಿ ಹಾಕಿದಾಗ 'ಇನಿಷಿಯಲೈಸ್ ಡಿಸ್ಕ್' ಅಥವಾ 'ಫಾರ್ಮ್ಯಾಟ್ ಮಾಡಬೇಕೇ' ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ.

ಬಿಟ್‌ಲಾಕರ್ (ಡ್ರೈವ್‌ನ ಡೇಟಾಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಇದ್ದರೆ ಮತ್ತೊಂದು ಹಳ್ಳ. ಬಯಾಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೂ ಸಾಕು, ಡ್ರೈವನ್ನು ಬೇರೆ ಯಂತ್ರಕ್ಕೆ ಹಾಕಿದರೂ ಸಾಕು, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಾನು ಆನ್ ಮಾಡೇ ಇಲ್ಲ ಎನ್ನಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿ ಆನ್ ಆಗಿರುತ್ತದೆ, ಕೀ ಅದೇ ಖಾತೆಯಲ್ಲಿರುತ್ತದೆ. ಬಯಾಸ್ ಮುಟ್ಟುವ ಮುನ್ನವೇ ಫೋನಿನಿಂದ ಖಾತೆ ತೆರೆದು ಕೀ ಬರೆದಿಟ್ಟುಕೊಳ್ಳಿ. 'ಟಿಪಿಎಂ ಕ್ಲಿಯರ್' (ಬೀಗದ ಗುಟ್ಟು ಕಾಯುವ ಚಿಪ್ಪನ್ನು ಅಳಿಸುವ ಆಯ್ಕೆ) ಒತ್ತಿ, ರಿಕವರಿ ಕೀ ಕೂಡ ಇಲ್ಲವೆಂದಾದರೆ, ಯಾವ ರಿಕವರಿ ಲ್ಯಾಬ್‌ನಿಂದಲೂ ಫೈಲು ಬಾರದು.

ಚಾರ್ಜ್ ಮುಗಿದು ದಿಢೀರ್ ಆಫ್ ಆದ ಬೆನ್ನಿಗೇ ಎಸ್‌ಎಸ್‌ಡಿ ಮಾಯವಾಗಿದ್ದರೆ ಸ್ವಲ್ಪ ತಾಳ್ಮೆ ಬೇಕು. ಯಾವ ಡೇಟಾ ಎಲ್ಲಿದೆ ಎಂಬ ಒಳಗಿನ ನಕ್ಷೆಯನ್ನು ಕಂಟ್ರೋಲರ್ ಮತ್ತೆ ಕಟ್ಟಿಕೊಳ್ಳಬೇಕಾಗಿರಬಹುದು. ಬಯಾಸ್ ಪರದೆಯಲ್ಲೇ 20 ನಿಮಿಷ ಬಿಟ್ಟು, ಆಫ್ ಮಾಡಿ 30 ಸೆಕೆಂಡ್ ವಿದ್ಯುತ್ ಕಡಿದು, ಇನ್ನೊಮ್ಮೆ 20 ನಿಮಿಷ ಬಿಡಿ. ಕಾಣದ ಡ್ರೈವ್ ಸತ್ತ ಡ್ರೈವ್ ಆಗಿರಲೇಬೇಕಿಲ್ಲ: 5,184 ಗಂಟೆ ಓಡಿದ ಮೇಲೆ ಮಾತಾಡುವುದನ್ನು ನಿಲ್ಲಿಸುತ್ತಿದ್ದ ಕ್ರೂಶಿಯಲ್ ಎಂ4 ಡ್ರೈವ್‌ಗಳನ್ನು 2012ರಲ್ಲಿ ಬರೀ ಫರ್ಮ್‌ವೇರ್ (ಡ್ರೈವ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಸರಿಮಾಡಿತು. ಹಾಗೆಂದು ಎಲ್ಲಕ್ಕೂ ಆ ಭಾಗ್ಯವಿಲ್ಲ. ಡ್ರೈವ್‌ನ ಹೆಸರಿನ ಜಾಗದಲ್ಲಿ 'ಸಾಟಾಫರ್ಮ್ ಎಸ್11' ಎಂದು ಬಂದರೆ, ಅಥವಾ ಗಿಗಾಬೈಟ್‌ಗಳ ಡ್ರೈವ್ ಕೆಲವೇ ಮೆಗಾಬೈಟ್ ಎಂದು ತೋರಿದರೆ, ಫರ್ಮ್‌ವೇರ್ ಕುಸಿದಿದೆ. ಆಗ ಸಿಕ್ಕಸಿಕ್ಕ ಟೂಲ್‌ನಿಂದ ಅದನ್ನು ಮತ್ತೆ ತುಂಬಿದರೆ (ಫ್ಲ್ಯಾಶ್) ಡ್ರೈವ್ ಎದ್ದರೂ ಡೇಟಾ ಹೋಗುತ್ತದೆ. ಡೇಟಾ ಬೇಕಿದ್ದರೆ ಅಲ್ಲೇ ನಿಲ್ಲಿಸಿ ಲ್ಯಾಬ್‌ಗೆ ಕೊಡಿ. ತಿರುಗುವ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೂ ಅಷ್ಟೇ, ಇನ್ನೊಮ್ಮೆ ಆನ್ ಮಾಡಿ ನೋಡುವ ಆಸೆ ಬೇಡ.

ಇಷ್ಟರಲ್ಲಿ ಯಾವುದರಿಂದಲೋ ಡ್ರೈವ್ ಮರಳಿ ಕಂಡಿತೆನ್ನಿ. ಬಯಾಸ್ ಅಪ್‌ಡೇಟ್, ಚೆಕ್‌ಡಿಸ್ಕ್, ವಿಂಡೋಸ್ ರಿಪೇರಿ ಎಲ್ಲ ಆಮೇಲೆ. ತಣ್ಣಗಿರುವಾಗ ಕಂಡು ಹತ್ತು ನಿಮಿಷ ಬಿಸಿಯಾದ ಮೇಲೆ ಮತ್ತೆ ಮಾಯವಾಗುವ ಡ್ರೈವ್‌ಗಳಿವೆ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಮೊದಲು ಬೇಕೇಬೇಕಾದ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ನಂತರ ಡಿಡಿರೆಸ್ಕ್ಯೂ ಎಂಬ ಟೂಲ್ ಬಳಸಿ ಇಡೀ ಡ್ರೈವ್‌ನ ಯಥಾನಕಲು (ಇಮೇಜ್) ತೆಗೆಯಿರಿ. ಬಿಟ್‌ಲಾಕರ್ ಇದ್ದರೆ ಇಮೇಜ್ ಮೊದಲು. ಬೀಗ ತೆಗೆಯುವ ಕೆಲಸವನ್ನು ಆ ನಕಲಿನ ಮೇಲೆ ಮಾಡಿ.