ಮುರಕಲ್ಲಿನ ನೆಲದಲ್ಲಿ ದಂಡಿನ ಕುರುಹು: ಮೂರು ಲೋಹಶೋಧಕಗಳ ಹೋಲಿಕೆ

ಮಂಗಳೂರಿನಿಂದ ಗುರುಪುರ ಹೊಳೆಯನ್ನು ದಾಟಿ ಒಳನಾಡಿಗೆ ಹೋದರೆ ಸಿಗುವ ಒಂದು ಪದವಿನ, ಅಂದರೆ ಎತ್ತರದ ಮುರಕಲ್ಲಿನ ಬಯಲಿನ, ಅಂಚಿನಲ್ಲಿ ನನ್ನ ಸೋದರಮಾವನ ಅಡಿಕೆ ತೋಟವಿದೆ. ತೋಟದ ಮೇಲಿನ ಬೋಳು ಜಾಗವನ್ನು ಮನೆಯ ಹಿರಿಯರು ಈಗಲೂ ‘ದಂಡು ಇಳಿದ ಜಾಗ’ ಎನ್ನುತ್ತಾರೆ. ಯಾವ ದಂಡು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಟಿಪ್ಪುವಿನ ಸೈನ್ಯವು ಕರ್ನಲ್ ಕ್ಯಾಂಪ್‌ಬೆಲ್ ಕಾಯುತ್ತಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿತ್ತು. 1799ರಲ್ಲಿ ಕೆನರಾ ಪ್ರಾಂತ್ಯವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. 1837ರ ಏಪ್ರಿಲ್‌ನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆಯು ಮಂಗಳೂರನ್ನೇ ಹಿಡಿದಾಗ ಕಂಪೆನಿ ಹೊರಗಿನಿಂದ ಪಡೆ ತರಿಸಬೇಕಾಯಿತು. ಇವುಗಳಲ್ಲಿ ಯಾವುದಾದರೊಂದು ಕಾಲದ ಗುರುತು ನೆಲದಲ್ಲಿ ಉಳಿದಿದ್ದರೆ ಅದನ್ನು ಯಾವ ಬಗೆಯ ಯಂತ್ರ ಕೇಳಿಸಿಕೊಳ್ಳಬಲ್ಲದು ಎಂಬುದಷ್ಟೇ ಈ ಹೋಲಿಕೆಯ ವಿಷಯ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಸುಲ್ತಾನ್ ಬತ್ತೇರಿಯಂಥ ಸ್ಮಾರಕಗಳ ಬಳಿ ನಾನು ಯಂತ್ರ ಹಿಡಿದು ಸುಳಿದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಪಟ್ಟಾ ಜಾಗದಲ್ಲಿಯೂ ಮಾಲೀಕರ ಒಪ್ಪಿಗೆಯೊಂದೇ ಸಾಲದು, ಏಕೆಂದರೆ ನೆಲದಲ್ಲಿ ಸಿಕ್ಕಿದ ಬೆಲೆಬಾಳುವ ವಸ್ತುವಿಗೆ ನಿಧಿ ಕಾಯ್ದೆಯೂ, 100 ವರ್ಷ ದಾಟಿದ ವಸ್ತುವಿಗೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತವೆ. ನಾಗಬನದ ಸುತ್ತಲೂ ದೈವದ ಕಟ್ಟೆಯ ಸುತ್ತಲೂ ಕಾಯಿಲ್ (ಯಂತ್ರದ ತುದಿಯಲ್ಲಿರುವ, ಲೋಹವನ್ನು ಗುರುತಿಸುವ ತಟ್ಟೆ) ಬೀಸಬಾರದೆಂಬುದು ಮಾವನ ಷರತ್ತಾಗಿತ್ತು; ಅವರು ಹೇಳದಿದ್ದರೂ ನಾನು ಹೋಗುತ್ತಿರಲಿಲ್ಲ. ಇಷ್ಟೆಲ್ಲ ಇದ್ದರೂ ದಾರಿಯಲ್ಲಿ ಹೋಗುವವರೆಲ್ಲ ನಿಂತು ‘ನಿಧಿ ಸಿಕ್ಕಿತಾ?’ ಎಂದು ಕೇಳುವುದು ತಪ್ಪಲಿಲ್ಲ.

ಹೋಲಿಸಿದ್ದು ಮೂರು ಬಗೆಗಳನ್ನು. ಮೊದಲನೆಯದು ಸುಮಾರು 8 ಕಿಲೋಹರ್ಟ್ಸ್‌ನ ಒಂದೇ ಆವರ್ತನದಲ್ಲಿ ಕೆಲಸ ಮಾಡುವ ಅಗ್ಗದ ಯಂತ್ರ. ಎರಡನೆಯದು ಏಕಕಾಲಕ್ಕೆ ಹಲವು ಆವರ್ತನಗಳನ್ನು ಬಳಸುವ, ಅದರ ಮೂರರಷ್ಟು ಬೆಲೆಯ ಯಂತ್ರ. ಮೂರನೆಯದು ಗೆಳೆಯರೊಬ್ಬರಿಂದ ಎರವಲು ತಂದ ಪಲ್ಸ್ ಇಂಡಕ್ಷನ್ ಯಂತ್ರ. ಪರೀಕ್ಷೆಗಾಗಿ ಬೀಸುಬಲೆಗೆ ಕಟ್ಟುವ ಸೀಸವನ್ನು ಕರಗಿಸಿ 17.5 ಮಿಲಿಮೀಟರ್ ವ್ಯಾಸದ ಗುಂಡುಗಳನ್ನು ಎರಕ ಹೊಯ್ಯಿಸಿದೆ. ಕಂಪೆನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನ ನಳಿಗೆಯ ಒಳವ್ಯಾಸ ಮುಕ್ಕಾಲು ಅಂಗುಲ. ಅದಕ್ಕೆ ಹಾಕುತ್ತಿದ್ದ ಗುಂಡು ಸ್ವಲ್ಪ ಸಡಿಲವಾಗಿ ಕೂರುವ ಹೆಚ್ಚುಕಡಿಮೆ ಇದೇ ಗಾತ್ರದ್ದು, ತೂಕ 31–32 ಗ್ರಾಂ. ಇದರ ಜೊತೆಗೆ ಒಂದು ತಾಮ್ರದ ಬಿಲ್ಲೆಯನ್ನೂ ತುಕ್ಕು ಹಿಡಿದ ಮೊಳೆಗಳನ್ನೂ ಪದವಿನಲ್ಲಿ, ಬೈಲಿನ ಗದ್ದೆಯಲ್ಲಿ ಮತ್ತು ಕಡಲತೀರದ ಒದ್ದೆ ಮರಳಿನಲ್ಲಿ ಅಳತೆ ಹಿಡಿದು ಹೂತೆ.

ಗದ್ದೆಯ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಮೆದು ಮಣ್ಣಿನಲ್ಲಿ ಎಂಟು ಅಂಗುಲದವರೆಗೆ ಮೂರೂ ಯಂತ್ರಗಳು ಗುಂಡನ್ನು ಗುರುತಿಸಿದವು. ಒದ್ದೆ ಮರಳಿನಲ್ಲಿ ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಮೊದಲನೆಯದು ಪ್ರತಿ ಅಲೆಗೂ ಕಿರುಚಿತು, ಉಳಿದೆರಡು ಸುಮ್ಮನಿದ್ದವು.

ನಿಜವಾದ ಪರೀಕ್ಷೆ ಇರುವುದು ಪದವಿನಲ್ಲಿ. ನಮ್ಮ ಮನೆಗಳ ಗೋಡೆಗೆ ಬಳಸುವ ಈ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವರು 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್. ಅದರ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು, ಮತ್ತು ಆ ಆಕ್ಸೈಡುಗಳಲ್ಲಿ ಕೆಲವು ಅಯಸ್ಕಾಂತೀಯ ಗುಣದವು. ಹೀಗಾಗಿ ಕಾಯಿಲ್ ನೆಲದ ಮೇಲೆ ಹೋದಾಗ ಹೂತ ಗುಂಡಿಗಿಂತ ಮೊದಲು, ಗುಂಡಿಗಿಂತ ಜೋರಾಗಿ ನೆಲವೇ ಮಾತನಾಡುತ್ತದೆ. ಒಂದೇ ಆವರ್ತನದ ನನ್ನ ಯಂತ್ರದಲ್ಲಿ ನೆಲದ ಸದ್ದನ್ನು ಕೈಯಿಂದ ಸರಿದೂಗಿಸುವ ಏರ್ಪಾಡಿರಲಿಲ್ಲ; ಕಾರ್ಖಾನೆಯಲ್ಲಿ ಒಮ್ಮೆ ಹೊಂದಿಸಿದ ಮಟ್ಟವೇ ಎಲ್ಲ ಮಣ್ಣಿಗೂ. ಪದವಿನಲ್ಲಿ ಅದು ನಾಲ್ಕು ಅಂಗುಲದಲ್ಲಿದ್ದ ಗುಂಡನ್ನು ಸೀಸವೆಂದು ಹೇಳಿತು, ಐದರಲ್ಲಿ ಕಬ್ಬಿಣವೆಂದು ಹೇಳಿತು, ಆರರಲ್ಲಿ ಏನನ್ನೂ ಹೇಳಲಿಲ್ಲ. ಇಲ್ಲಿ ನನಗೆ ಹೆಚ್ಚು ಅಪಾಯಕಾರಿಯಾಗಿ ಕಂಡದ್ದು ಆರನೆಯ ಅಂಗುಲದ ಮೌನವಲ್ಲ, ಐದನೆಯ ಅಂಗುಲದ ಸುಳ್ಳು. ಏಕೆಂದರೆ ಹೊಸಬರೆಲ್ಲರೂ ಮಾಡುವಂತೆ ಕಬ್ಬಿಣದ ಸದ್ದನ್ನು ತಡೆಯುವ ಗುಂಡಿ ಒತ್ತಿಟ್ಟುಕೊಂಡು ನಡೆದರೆ ಆ ಗುಂಡಿನ ಮೇಲೆಯೇ ಹಾದುಹೋದರೂ ತಿಳಿಯುವುದಿಲ್ಲ.

ಬಹು ಆವರ್ತನದ ಯಂತ್ರವು ಕಾಯಿಲನ್ನು ನೆಲದ ಮೇಲೆ ಐದಾರು ಸಲ ಏರಿಸಿ ಇಳಿಸಿದರೆ ಆ ಮಣ್ಣಿಗೆ ತಾನೇ ಹೊಂದಿಕೊಳ್ಳುತ್ತದೆ. ಲೋಹದ ಬಗೆಯನ್ನು ಸೂಚಿಸಲು ಪರದೆಯ ಮೇಲೆ ಬರುವ ಅಂಕಿಯನ್ನು ಅದು ಆರು ಅಂಗುಲದವರೆಗೆ ಗುಂಡಿಗೆ ಸ್ಥಿರವಾಗಿ ತೋರಿಸಿತು. ಏಳರಲ್ಲಿ ಅಂಕಿ ಅತ್ತಿತ್ತ ಜಿಗಿಯತೊಡಗಿತಾದರೂ ಸದ್ದು ಇತ್ತು. ಅದರೊಂದಿಗೆ ಬಂದ 11 ಅಂಗುಲದ ಕಾಯಿಲನ್ನು ಬಿಟ್ಟು ಆರು ಅಂಗುಲದ್ದನ್ನು ಹಾಕಿದಾಗ ಪದವಿನಲ್ಲಿ ಆಳ ಕಡಿಮೆಯಾಗುವ ಬದಲು ಸದ್ದು ಸ್ಪಷ್ಟವಾದದ್ದು ನನಗೆ ಮೊದಲು ಆಶ್ಚರ್ಯವೆನಿಸಿತು. ಸಣ್ಣ ಕಾಯಿಲ್ ಒಮ್ಮೆಗೆ ನೋಡುವ ಮಣ್ಣು ಕಡಿಮೆ, ಆದ್ದರಿಂದ ಮಣ್ಣಿನ ಗಲಾಟೆಯೂ ಕಡಿಮೆ.

ಪಲ್ಸ್ ಇಂಡಕ್ಷನ್ ಯಂತ್ರದ ರೀತಿಯೇ ಬೇರೆ. ಅದು ನೆಲಕ್ಕೆ ಕಿರಿದಾದ ಮಿಡಿತಗಳನ್ನು ಕಳುಹಿಸಿ, ಪ್ರತಿ ಮಿಡಿತ ನಿಂತ ಮೇಲೆ ಕೆಲವು ಮೈಕ್ರೋಸೆಕೆಂಡು ತಡೆದು, ಆಮೇಲೆ ಉಳಿದ ಪ್ರತಿಧ್ವನಿಯನ್ನು ಆಲಿಸುತ್ತದೆ. ಮಣ್ಣಿನದು ಬೇಗ ಅಡಗುತ್ತದೆ, ಲೋಹದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ಮುರಕಲ್ಲಿನ ಸದ್ದು ಅಷ್ಟು ಬೇಗ ಅಡಗುವುದಿಲ್ಲವಾದ್ದರಿಂದ ತಡೆಯುವ ಸಮಯವನ್ನು ತುಸು ಹಿಗ್ಗಿಸಬೇಕಾಯಿತು. ಹಾಗೆ ಮಾಡಿದ ಮೇಲೆ ಹತ್ತು ಅಂಗುಲದ ಗುಂಡನ್ನೂ ಅದು ಸಂಶಯವಿಲ್ಲದೆ ತೋರಿಸಿತು. ಪಂಪ್ ಶೆಡ್ಡಿನ ಮತ್ತು ಬೇಲಿಯ ವಿದ್ಯುತ್ ತಂತಿಯ ಹತ್ತಿರ ಮಾತ್ರ ಅದನ್ನು ಬಳಸಲಾಗದು; ಮಾವ ಬೇಲಿಯ ಕರೆಂಟನ್ನು ತೆಗೆಯುವವರೆಗೆ ಕೆಲಸ ನಿಲ್ಲಿಸಬೇಕಾಗುತ್ತಿತ್ತು. ಇನ್ನೊಂದು ತೊಡಕೆಂದರೆ ಅದು ಸೀಸವನ್ನೂ ಮೊಳೆಯನ್ನೂ ಬೇರೆ ಮಾಡಿ ಹೇಳುವುದಿಲ್ಲ. ಒಂದು ಬೆಳಗ್ಗೆ ಇಪ್ಪತ್ತು ಕಡೆ ಅಗೆದೆ; ಹದಿನಾರು ಕಡೆ ಮೊಳೆಗಳೇ ಸಿಕ್ಕವು. ಮಳೆ ನಿಂತು ಮಣ್ಣು ಇನ್ನೂ ಹಸಿಯಾಗಿರುವ ನವೆಂಬರಿನಲ್ಲಿ ಇದು ಸಾಧ್ಯ; ಮಾರ್ಚಿನ ಬಿಸಿಲಿನಲ್ಲಾದರೆ ಪಿಕ್ಕಾಸಿಗೂ ಬಗ್ಗದ ನೆಲವದು.

ಆದರೆ ಆ ಮೊಳೆಗಳನ್ನು ಗುಜರಿಯೆಂದು ಎಸೆಯುವ ಮೊದಲು ತೊಳೆದು ನೋಡಿದೆ. ಅವುಗಳಲ್ಲಿ ಹನ್ನೊಂದು ತಂತಿಯಿಂದ ಮಾಡಿದ ದುಂಡು ಮೊಳೆಗಳಾಗಿರದೆ, ಬಡಿದು ಮಾಡಿದ ಚೌಕ ಮೊಳೆಗಳಾಗಿದ್ದವು. ಹಳೆಯ ಮನೆಗಳ ಪಕ್ಕಾಸುಗಳಲ್ಲಿಯೂ ಊರಿನ ಆಚಾರಿ ಮಾಡಿದ ಇಂಥವೇ ಮೊಳೆಗಳಿರುವುದರಿಂದ ಒಂದೆರಡು ಸಿಕ್ಕರೆ ಅದಕ್ಕೆ ಅರ್ಥವಿಲ್ಲ. ಆದರೆ ಎಂದೂ ಮನೆಯಿರದ ಪದವಿನಲ್ಲಿ, ಹದಿನೈದು ಹೆಜ್ಜೆಯಗಲದ ಜಾಗದೊಳಗೆ, ಹನ್ನೊಂದು ಸಿಕ್ಕರೆ ಅಲ್ಲಿ ಏನೋ ನಡೆದಿದೆ. ದಂಡಿನ ಜಾಗವನ್ನು ಹುಡುಕುವಾಗ ಕಬ್ಬಿಣವೇ ದಾರಿ ತೋರಿಸುತ್ತದೆ, ನಾಣ್ಯವಲ್ಲ. ಈ ಕಾರಣದಿಂದ ಯಂತ್ರದ ಗುಣವೆಂದು ಎಲ್ಲರೂ ಹೊಗಳುವ ‘ಕಬ್ಬಿಣ ಬಿಟ್ಟು ಹುಡುಕುವ’ ಶಕ್ತಿಗೆ ನಾನು ಕಡಿಮೆ ಅಂಕ ಕೊಡುತ್ತೇನೆ.

ಒಂದನ್ನೇ ಕೊಳ್ಳಬೇಕೆನ್ನುವವರಿಗೆ ನನ್ನ ಆಯ್ಕೆ ಬಹು ಆವರ್ತನದ ಯಂತ್ರ ಮತ್ತು ಸಣ್ಣ ಕಾಯಿಲ್, ಕಬ್ಬಿಣದ ಸದ್ದನ್ನು ತಡೆಯದೆ. ಎರಡು ಕೈಗೆ ಸಿಗುವುದಾದರೆ ಪಲ್ಸ್ ಇಂಡಕ್ಷನ್‌ನಿಂದ ಜಾಗವನ್ನು ಗುರುತಿಸಿ, ಬಹು ಆವರ್ತನದ್ದನ್ನು ಅದರೊಳಗೆ ನಿಧಾನವಾಗಿ ಬೀಸಬೇಕು. ಹೀಗೆಯೇ ಆ ಮೊಳೆಗಳ ನಡುವೆ ಆರು ಅಂಗುಲದಲ್ಲಿ, ಒಂದು ಮಗ್ಗುಲು ಚಪ್ಪಟೆಯಾದ ಸೀಸದ ಗುಂಡೊಂದು ಸಿಕ್ಕಿತು. ಚಿನ್ನದ ತಕ್ಕಡಿಯಲ್ಲಿ ಅದರ ತೂಕ 29 ಗ್ರಾಂ. ಹಂದಿ ಓಡಿಸಲು ಬಳಸುತ್ತಿದ್ದ ಕೇಪಿನ ಕೋವಿಗಳು ಈ ಊರಿನಲ್ಲಿ ಹಲವು ಮನೆಗಳಲ್ಲಿದ್ದವು; ನನಗೆ ತೋರಿಸಿದ ಅವುಗಳ ಗುಂಡುಗಳು ಇದರ ಅರ್ಧದಷ್ಟೂ ಇರಲಿಲ್ಲ. ಹಾಗೆಂದು ಅದನ್ನು ಸಿಪಾಯಿಯ ಗುಂಡೇ ಎಂದು ನಾನು ಬರೆದಿಲ್ಲ. ಸಿಕ್ಕಿದ ಜಾಗ, ಆಳ, ತೂಕ ಮತ್ತು ಚಿತ್ರವನ್ನು ಗ್ರಾಮ ಆಡಳಿತಾಧಿಕಾರಿಗೆ ಬರೆದುಕೊಟ್ಟೆವು.

ಮೊದಲನೆಯ ಯಂತ್ರವನ್ನು ಮಾವನ ಮೊಮ್ಮಗನಿಗೆ ಕೊಟ್ಟಿದ್ದೇನೆ. ಪದವು ಹತ್ತದೆ ಬೈಲಿನಲ್ಲೇ ಬೀಸುವ ಅವನು ಕಳೆದ ತಿಂಗಳು ಕೆಸರಿನಲ್ಲಿ ಬಿದ್ದು ಹೋಗಿದ್ದ ಟಿಲ್ಲರಿನ ಪಿನ್ನನ್ನು ಹತ್ತೇ ನಿಮಿಷದಲ್ಲಿ ಹುಡುಕಿಕೊಟ್ಟ.